ನಾನು ಮುಚ್ಚಿದ ತೂತು

ಶಾಲೆಯ ಹಳೆಯ ಕಪಾಟನ್ನು ಖಾಲಿ ಮಾಡುತ್ತಿದ್ದಾಗ ತಳದಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿತು. ಬಾಯಿಗೆ ಮೂರು ಸುತ್ತು ರಬ್ಬರ್ ಹಾಕಿತ್ತು. ಬಿಚ್ಚಿದ್ದೇ ತಡ, ಇಳಿತದ ಹೊತ್ತಿನಲ್ಲಿ ಹೊಳೆ ಬದಿಯಿಂದ ಬರುವ ಹುಳಿ ಹುಳಿ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಹದ ಮಾಡಿದ ಜೇಡಿಮಣ್ಣು. ಇಷ್ಟು ವರ್ಷವಾದರೂ ನಡುವೆ ಸ್ವಲ್ಪ ಹಸಿ ಉಳಿದಿತ್ತು. ಅದನ್ನು ಮತ್ತೆ ಕಟ್ಟಿಟ್ಟು, ಕೈ ತೊಳೆದು, ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕುಳಿತೆ... ಮಣ್ಣಕ್ಕನ ನೆನಪನ್ನು ತಪ್ಪಿಸಿಕೊಳ್ಳಲು ಅಂದು ಆಗಲಿಲ್ಲ.

ಮಣ್ಣಕ್ಕ ಎಂಬುದು ಮಕ್ಕಳು ಇಟ್ಟ ಹೆಸರು. ಹನ್ನೆರಡು ವರ್ಷದ ಹಿಂದೆ ಹಂಗಾರಕಟ್ಟೆ ಹತ್ತಿರದ ನಮ್ಮ ಪ್ರಾಥಮಿಕ ಶಾಲೆಗೆ ಆಕೆ ಪ್ರತಿ ಶುಕ್ರವಾರ ಕುಂದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಹಿತ್ತಲಿನ ಮಣ್ಣನ್ನು ತಾವೇ ಹದ ಮಾಡಿ ಹೊತ್ತು ತರುತ್ತಿದ್ದರು. ತಿಗರಿಯಿಲ್ಲ, ಅಚ್ಚಿಲ್ಲ, ಬರೀ ಬೆರಳು. ಮಕ್ಕಳು ತಮಗೆ ತೋಚಿದ್ದನ್ನು ಮಾಡಬೇಕು, ಮಾಡಿದ್ದರ ಕತೆ ಹೇಳಬೇಕು. ಮುಂದಿನ ವಾರ ಅದೇ ಕತೆಯನ್ನು ಇನ್ನಷ್ಟು ಬೆಳೆಸಬೇಕು. ಬಾಯಿ ಬಿಡದ ಮಕ್ಕಳ ಕತೆ ಕೈಯಲ್ಲಿ ಬರುತ್ತದೆ ಎಂದು ಆಕೆ ನಂಬಿದ್ದರು. ನಾನು ನಾಲ್ಕನೆಯ ತರಗತಿಯ ಟೀಚರ್, ಬೆಂಚಿಗೆ ಕೆಸರು ಹತ್ತಿದರೆ ಮೈಯೆಲ್ಲ ಉರಿಯುವ ಜಾತಿ. ಆ ಪೀರಿಯಡ್ಡಿನಲ್ಲಿ ಭಾಗಾಕಾರ ಮಾಡಿಸಿದ್ದರೆ ಒಂದು ಪಾಠವಾದರೂ ಮುಗಿಯುತ್ತಿತ್ತು ಎಂದು ಒಳಗೊಳಗೇ ಗೊಣಗುತ್ತಿದ್ದೆ.

ಆಕೆಯ ಕಟ್ಟುನಿಟ್ಟು ಒಂದೇ ಒಂದು ವಿಷಯದಲ್ಲಿ. ಆನೆಯೋ ಮೀನೋ, ಒಳಗೆ ಟೊಳ್ಳಾಗಿ ಎಲ್ಲ ಕಡೆ ಮುಚ್ಚಿರುವ ಯಾವುದಕ್ಕೂ ಕಡ್ಡಿಯಿಂದ ಒಂದು ತೂತು ಮಾಡಲೇಬೇಕು. ಇಲ್ಲದಿದ್ದರೆ ಬೆಂಕಿಗಿಟ್ಟಾಗ ಒಡೆಯುತ್ತದೆ, ಪಕ್ಕದಲ್ಲಿದ್ದುದನ್ನೂ ಒಡೆಯುತ್ತದೆ. “ಉಸ್ರ್ ಹೋಪುಕೆ ಒಂದ್ ತೂತ್ ಬಿಡ್ಕ್ ಮಕ್ಳೇ” ಎನ್ನುತ್ತ ತರಗತಿಯಿಡೀ ತಿರುಗುತ್ತಿದ್ದರು. ಅದು ಮಕ್ಕಳ ತಲೆಗೆ ಎಷ್ಟು ಹತ್ತಿತೆಂದರೆ ತಟ್ಟೆಗೂ ತೂತು, ಲೋಟಕ್ಕೂ ತೂತು. ಇದರಲ್ಲಿ ಚಾ ಕುಡಿಯುವುದು ಹೇಗೆ ಎಂದು ನಾನು ನಗಾಡಿ, ಒಂದು ಚೂರು ಮಣ್ಣು ಒತ್ತಿ ಮುಚ್ಚುತ್ತಿದ್ದೆ.

ಹೊಳೆ ನಡುವಿನ ಕುದ್ರು ಎಂಬ ಪುಟ್ಟ ನಡುಗಡ್ಡೆಯಿಂದ ನಮ್ಮಲ್ಲಿಗೆ ಮೂರು ಮಕ್ಕಳು ದೋಣಿಯಲ್ಲಿ ಬರುತ್ತಿದ್ದರು. ಅವರಲ್ಲೊಬ್ಬ ಹುಡುಗಿಯ ಅಜ್ಜನೇ ದೋಣಿ ನಡೆಸುವವರು. ಹುಡುಗಿ ಮಾತಾಡುತ್ತಿದ್ದುದೇ ಅಪರೂಪ. ಶಾಲೆ ಶುರುವಾದ ಮೊದಲ ಶುಕ್ರವಾರ ಅವಳು ದೋಣಿ ಮಾಡಿ ನಾಲ್ಕು ಜನರನ್ನು ಕೂರಿಸಿದಳು. ಕತೆ ಕೇಳಿದರೆ “ಶಾಲೆಗ್ ಬಪ್ಪುದ್” ಎಂದಳು, ಅಷ್ಟೇ. ಎರಡನೆಯ ವಾರದ ದೋಣಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಬಗ್ಗಿ ಕೂತಿದ್ದಳು, ಕೈಯಲ್ಲಿ ತೆಂಗಿನಕಾಯಿಯ ಗೆರಟೆ.

“ಇದ್ ಎಂತಕೆ ಮಗಾ?” ಮಣ್ಣಕ್ಕ ಕೇಳಿದರು.

“ನೀರ್ ಚೆಲ್ಲುಕೆ.”

“ಮಳೆ ನೀರಾ?”

ಹುಡುಗಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೊರಗೆ ಮಳೆ ಹಂಚಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು. ಗಂಟೆ ಹೊಡೆಯಿತು. ಹೋಗುವಾಗ ಮಣ್ಣಕ್ಕ ನನ್ನ ಹತ್ತಿರ, “ಟೀಚರೇ, ಆ ಹೆಣ್ಣಿನ ಕತೆ ಮುಗಿಲಿಲ್ಲ ಕಾಣಿ. ಬಪ್ಪ ವಾರ ಕೇಂಬ” ಎಂದರು. ಆಕೆಯ ಮುಖ ಗೆಲುವಾಗಿರಲಿಲ್ಲ.

ಮೂರನೆಯ ಶುಕ್ರವಾರ ಹೊಳೆ ಕೆಂಪಾಗಿ ಏರಿತ್ತು. ಮಣ್ಣಕ್ಕ ಹಿಂದಿನ ಬೆಂಚಿನಲ್ಲಿ ಯಾರದೋ ಮುರಿದ ಸೊಂಡಿಲು ಅಂಟಿಸುತ್ತಿದ್ದರು. ನಾನು ನೋಡುತ್ತಿದ್ದಂತೆಯೇ ಹುಡುಗಿ ಕಡ್ಡಿ ತೆಗೆದುಕೊಂಡು ದೋಣಿಯ ತಳಕ್ಕೆ ತೂತು ಮಾಡಿದಳು. ಇವಳೂ ಲೋಟದವರ ಸಾಲಿಗೆ ಸೇರಿದಳು ಅಂದುಕೊಂಡೆ.

“ದೋಣಿ ಮುಚ್ಚಿದ ಸಾಮಾನ್ ಅಲ್ದಲೆ ಮಗಾ, ಇದಕ್ಕ್ ತೂತ್ ಬೇಡ” ಎಂದೆ.

“ಇತ್ತ್ ಟೀಚರ್” ಎಂದಳು, ತೂತು ಇದೆ ಎಂದು.

“ಇಪ್ಪುದ್ ಕಾಣ್ತಿತ್ತ್. ಅದ್ ಬೇಡ ಅಂತ್ಲೇ ನಾನ್ ಹೇಳುದ್.” ಮಣ್ಣಿನ ಚೂರಿಟ್ಟು ಹೆಬ್ಬೆರಳಿನಿಂದ ಒತ್ತಿಬಿಟ್ಟೆ. ಹುಡುಗಿ ನನ್ನ ಹೆಬ್ಬೆರಳನ್ನೇ ನೋಡಿದಳು. ಕತೆ ಹೇಳುವ ಸರದಿ ಬಂದಾಗ ಎದ್ದು ನಿಂತು, “ಕತೆ ಇಲ್ಲೆ” ಎಂದು ಕೂತಳು.

ಮರುವಾರ ಅವಳು ಮಣ್ಣನ್ನು ಉಂಡೆ ಮಾಡಿಟ್ಟು ಸುಮ್ಮನಿದ್ದಳು. ಮಣ್ಣಕ್ಕ ಎರಡು ಸಲ ಕೇಳಿದರು, ಒಮ್ಮೆ ನನ್ನ ಕಡೆಗೂ ನೋಡಿದರು. ನನಗೆ ಹೇಳುವಂಥದ್ದೇನೂ ಕಾಣಲಿಲ್ಲ. ಬಿಸಿಯೂಟದ ಒಲೆಯ ಮೇಲಿನ ಹಲಗೆಯಲ್ಲಿ ಒಣಗಿದ್ದ ಆಕೃತಿಗಳನ್ನೆಲ್ಲ ಆಕೆ ಅಂದು ಬುಟ್ಟಿಗೆ ತುಂಬಿಕೊಂಡು ಹೋದರು, ಭಾನುವಾರ ಮನೆಯ ಮಾಡಿನಡಿಯಲ್ಲಿ ಮಳೆ ತಾಗದಂತೆ ಸುಡಲಿಕ್ಕೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮಣ್ಣಕ್ಕನ ಫೋನ್ ಬಂತು.

“ಟೀಚರೇ, ದೋಣಿಯ ತೂತ್ ಮುಚ್ಚಿದ್ ಯಾರ್?”

ಗೀರು ಹಾಕದೆ, ನೀರು ಹಚ್ಚದೆ ಬರೀ ಒತ್ತಿದ ಮಣ್ಣು ಬೆಂಕಿಯಲ್ಲಿ ನಿಲ್ಲುವುದಿಲ್ಲವಂತೆ. ನನ್ನ ತೇಪೆ ಉದುರಿ, ತೂತು ಮತ್ತೆ ಬಾಯಿ ಬಿಟ್ಟಿತ್ತು. ಉದುರಿದ ಚೂರಿನ ಮೇಲೆ ದೊಡ್ಡವರ ಹೆಬ್ಬೆರಳಿನ ಗುರುತಿತ್ತಂತೆ. ನಾನೇ ಮುಚ್ಚಿದ್ದು, ಮಕ್ಕಳು ಲೋಟಕ್ಕೂ ತೂತು ಮಾಡುತ್ತಾರಲ್ಲ ಎಂದು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

“ಹೆಣ್ಣ್ ಎಂತ ಹೇಳ್ತ್?”

“ಇತ್ತ್ ಅಂತ ಹೇಳ್ತ್.”

“ಅವ್ರ ದೋಣಿಗೇ ತೂತ್ ಇತ್ತ್ ಅಂತ ಟೀಚರೇ. ಕುದ್ರಿನ ಮಕ್ಕಳ್ ಬಂದ್ರಾ ಕಾಣಿ.”

ನಾನು ತಿರುಗಿ ನೋಡಿದೆ. ಎರಡನೆಯ ಬೆಂಚಿನಲ್ಲಿ ಹುಡುಗಿಯ ಜಾಗ ಖಾಲಿ. ಇನ್ನಿಬ್ಬರೂ ಬಂದಿರಲಿಲ್ಲ.

ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ನಡು ಹೊಳೆಯಲ್ಲಿ ದೋಣಿ ತುಂಬಿ ಮಗುಚಿತ್ತು. ಬಲೆಯವರು ಮೂರೂ ಮಕ್ಕಳನ್ನು ಜೀವಂತ ಎತ್ತಿದರು. ಅಜ್ಜ ಸಿಕ್ಕಿದ್ದು ಮೂರನೆಯ ದಿನ, ಅಳಿವೆಯ ಹತ್ತಿರ. ತಳದ ಬಿರುಕಿಗೆ ಅವರು ಬಟ್ಟೆ ತುರುಕಿ ಡಾಂಬರು ಹಚ್ಚಿ ದಿನ ದೂಡುತ್ತಿದ್ದರೆಂದು ಆಮೇಲೆ ತಿಳಿಯಿತು. ಗೊತ್ತಾದರೆ ಟೀಚರುಗಳು ದೋಣಿ ನಿಲ್ಲಿಸುತ್ತಾರೆ, ಮೊಮ್ಮಗಳ ಓದು ನಿಲ್ಲುತ್ತದೆ ಎಂಬ ಹೆದರಿಕೆ. ಶಾಲೆಯಲ್ಲಿ ಬಾಯಿ ಬಿಡಕೂಡದೆಂದು ಅವಳಿಗೆ ಮನೆಯಲ್ಲಿ ತಾಕೀತು ಮಾಡಿದ್ದರು. ಅವಳು ಬಾಯಿ ಬಿಡಲಿಲ್ಲ.

ವಿಚಾರಣೆಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: ದೋಣಿ ಸೋರುವುದು ಶಾಲೆಯಲ್ಲಿ ಯಾರಿಗಾದರೂ ಗೊತ್ತಿತ್ತೇ? ಇಲ್ಲ ಎಂದೆ. ಜಗಲಿಯ ಕಂಬದ ಹತ್ತಿರ ಮಣ್ಣಕ್ಕ ನಿಂತಿದ್ದರು, ಸುಟ್ಟ ದೋಣಿ ಅವರ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯುತ್ತಾರೆಂದು ಆ ಚೀಲದ ಮೇಲೇ ಕಣ್ಣಿಟ್ಟಿದ್ದೆ. ತೆಗೆಯಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ, ಕೊಡೆ ಬಿಡಿಸಿ ಬಸ್ಸಿಗೆ ನಡೆದರು. ಮತ್ತೆ ನಮ್ಮ ಶಾಲೆಗೆ ಬರಲಿಲ್ಲ. ನನಗೆ ಆಗ ಆದದ್ದು ದುಃಖವಲ್ಲ, ಬಚಾವಾದೆ ಎಂಬ ನಿರಾಳ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಹುಡುಗಿಯನ್ನು ಅವಳ ತಾಯಿ ಬೈಂದೂರಿಗೆ, ತನ್ನ ತವರಿಗೆ ಕರೆದುಕೊಂಡು ಹೋದಳು.

ಮಣ್ಣು ಸಿಕ್ಕಿದ ಮರುದಿನ ರಜೆ ಹಾಕಿ ಕುಂದಾಪುರಕ್ಕೆ ಹೋದೆ. ಮಣ್ಣಕ್ಕನ ಮನೆಗೆ ಬೀಗ. ಹೋದ ಮಳೆಗಾಲದಲ್ಲೇ ತೀರಿಕೊಂಡರು ಎಂದು ಪಕ್ಕದ ಮನೆಯವರು ಹೇಳಿದರು. ಹುಡುಗಿಯ ವಿಳಾಸ ಕೊಟ್ಟವರೂ ಅವರೇ.

ಬೈಂದೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅವಳು ಕೆಲಸಕ್ಕಿದ್ದಳು. ನನ್ನ ಗುರುತು ಹಿಡಿದು ಕುರ್ಚಿ ಹಾಕಿದಳು. ನಾನು ಕೂರಲಿಲ್ಲ.

“ಆ ತೂತ್ ಮುಚ್ಚಿದ್ ನಾನ್ ಮಗಾ. ಕೇಂಬುಕೆ ಬಂದವ್ರ ಹತ್ರ ಗೊತ್ತಿಲ್ಲ ಅಂತ ಹೇಳಿದ್ದೂ ನಾನೇ.”

“ನಂಗ್ ಗೊತ್ತಿತ್ತ್ ಟೀಚರ್” ಎಂದಳು, ಯಂತ್ರದಿಂದ ಕಾಗದ ತೆಗೆಯುತ್ತ. “ಮಣ್ಣಕ್ಕ ವರ್ಷ ವರ್ಷ ನಮ್ಮನೆಗ್ ಬತ್ತಿದ್ರ್. ನಾನೇ ಹೋಯಿ ನಿಮ್ಮತ್ರ ಕೇಣ್ತೆ ಅಂದ್ರೆ ಬೇಡ ಅಂತಿದ್ರ್. ಟೀಚರ್ ಒಂದ್ ದಿನ ಅವ್ರಾಗೇ ಬಂದ್ ಹೇಳ್ತ್ರ್, ಕಾಂಬ ಅಂತ. ಬಂದಾಗ್ಳೆಲ್ಲ ಮೊದ್ಲ್ ಕೇಂಬುದ್ ಅದೇ, ಟೀಚರ್ ಬಂದ್ರಾ ಅಂತ.”

ಕಾಗದಗಳನ್ನು ಜೋಡಿಸುತ್ತ, “ಹೋದ್ ವರ್ಷವೂ ಕೇಂಡಿರ್” ಎಂದಳು.

ನಮ್ಮ ಶಾಲೆಯಿಂದ ಕುಂದಾಪುರಕ್ಕೆ ಒಂದು ಗಂಟೆಯ ದಾರಿಯೂ ಇಲ್ಲ. ಈ ಹನ್ನೆರಡು ವರ್ಷದಲ್ಲಿ ಬಟ್ಟೆಗೆ, ಬ್ಯಾಂಕಿಗೆ, ಮದುವೆಗೆಂದು ನೂರಾರು ಸಲ ಆ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ಆಕೆಯ ಮನೆಯ ಸ್ಟಾಪು ಬಂದಾಗ ಪ್ರತಿ ಸಲವೂ ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದೇನೆ.