ಸುಣ್ಣಕಲ್ಲಿನ ಕಾವಲಿನ ತುಂಬೆ ಹೂ

ಸೋಮವಾರ ತುಂಬೆ ಹೂವಿಲ್ಲದೆ ನಮ್ಮ ಮನೆಯಲ್ಲಿ ಶಿವಪೂಜೆಯಿಲ್ಲ, ಪೂಜೆಯಿಲ್ಲದೆ ಊಟವೂ ಇಲ್ಲ. ಹಾಗಾಗಿ ಗುಬ್ಬಿ ಕಡೆಯ ಸುಣ್ಣಕಲ್ಲಿನ ಕಾವಲಿನಲ್ಲಿ ಹೂ ಬಿಡಿಸುತ್ತಿದ್ದೆ. ಕೃಷ್ಣಮೃಗಗಳಿಗೆಂದು ಅದನ್ನು ಆಗತಾನೇ ರಕ್ಷಿತ ಹುಲ್ಲುಗಾವಲು ಮಾಡಿದ್ದರು. ಗಾರ್ಡು ಓಡಿಬಂದ.

“ಯಜಮಾನ್ರೇ, ಕಾಡುಹೂವು ಕೀಳಂಗಿಲ್ಲ. ಕೇಸಾಯ್ತದೆ!”

ಅವನ ಬೆನ್ನ ಹಿಂದೆಯೇ ಆಳುಗಳು ತುಂಬೆ ಗಿಡಗಳನ್ನು ಗುದ್ದಲಿಯಲ್ಲಿ ಹೆರೆಯುತ್ತಿದ್ದರು.

“ಅವ್ರು ಕೀಳ್ತಿರೋದು ಏನಪ್ಪ?”

“ಅದು ಕಳೆ. ನಾಳೆ ಸಾಹೇಬ್ರು ಕಾಡುಹೂವು ನೋಡಕ್ಕೆ ಬರ್ತಾವ್ರೆ, ಜಾಗ ಚೊಕ್ಕವಾಗಿರ್ಬೇಕು.”

“ಹಂಗಾದ್ರೆ ಶಿವನಿಗೊಂದು ಹಿಡಿ ಬಿಡಪ್ಪ.”

ಅವನು ಯೋಚಿಸಿದ. “ಗಿಡದಿಂದ ಬಿಡಿಸಂಗಿಲ್ಲ. ರಾಶಿ ಹಾಕಿದ್ಮೇಲೆ ತಗೊಳ್ಳಿ, ಕಸಕ್ಕೆ ರೂಲ್ಸಿಲ್ಲ.”

ಕಸದ ರಾಶಿಯ ಹೂವನ್ನು ಶಿವನಿಗೆ ಒಯ್ಯಲು ಮನಸ್ಸು ಒಪ್ಪಲಿಲ್ಲ. ಗೇಟಿನ ಹೊಸ ಬೋರ್ಡಿನಲ್ಲಿ ಬಣ್ಣದಲ್ಲಿ ತುಂಬೆ ಹೂವಿನ ಚಿತ್ರ ಬರೆಸಿದ್ದರು. ಆ ಚಿತ್ರದ ಹೂವಿಗೇ ಕೈಮುಗಿದು, ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದೆ. ಆ ಬೋರ್ಡಿನ ಹೂವೊಂದನ್ನು ಮಾತ್ರ ಯಾರೂ ಕಿತ್ತಿರಲಿಲ್ಲ.