ಸೈಜಣ್ಣನ ಮೂವತ್ತನಾಲ್ಕು ಇಂಚು

ಬೆಳಗಿನ ಐದೂವರೆ. ಎರಡೇ ಕೋಣೆಗಳ ಮನೆಯಲ್ಲಿ, ಬೀರುವಿನ ಕನ್ನಡಿಯ ಮುಂದೆ ನಲವತ್ತೇಳು ವರ್ಷದ ಗಂಡಸೊಬ್ಬರು ಬನಿಯನ್ ಮೇಲೆತ್ತಿ ಹಿಡಿದು ನಿಂತಿದ್ದಾರೆ. ಸೊಂಟದ ಸುತ್ತ ಅಳತೆಯ ಟೇಪು. ಅದರ ತುದಿ ಹೆಂಡತಿಯ ಕೈಯಲ್ಲಿದೆ. ತಾವೇ ಅಳೆದುಕೊಂಡರೆ ತಮ್ಮ ಮೇಲೆ ತಮಗೇ ನಂಬಿಕೆ ಇರುವುದಿಲ್ಲವಂತೆ.

“ಉಸಿರು ಬಿಡ್ರೀ.”

“ಬಿಟ್ಟೆ ಕಣೇ.”

“ಇನ್ನೂ ಸ್ವಲ್ಪ ಒಳಗಿದೆ. ನನ್ನ ಹತ್ರ ಬೇಡ ನಿಮ್ಮ ಆಟ.”

ಅವರು ಬಿಡುತ್ತಾರೆ. ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಮೂವತ್ತನಾಲ್ಕು ಮುಕ್ಕಾಲು. ಹೆಂಡತಿ ಟೇಪು ಸುತ್ತಿಟ್ಟು ಸ್ಟೌ ಹಚ್ಚಲು ಹೋಗುತ್ತಾರೆ. ಆಕೆ ಏನಾದರೂ ಬೈದಿದ್ದರೇ ಚೆನ್ನಾಗಿತ್ತು ಅನ್ನುವ ಮುಖ ಮಾಡಿಕೊಂಡು ಇವರು, ತಮ್ಮ ಬಗ್ಗೆ ಬರೆಯಲೆಂದು ಬಂದು ಕೂತಿರುವ ನನ್ನ ಕಡೆ ನೋಡುತ್ತಾರೆ.

ಇವರು ಮಾಡೆಲ್. ಹಾಗೆಂದಾಗ ನಾನೂ ಮೊದಲು ಹುಬ್ಬೇರಿಸಿದ್ದೆ. ನೆತ್ತಿ ಬಯಲಾಗಿದೆ, ಮೂಗು ಕೊಂಚ ಎಡಕ್ಕೆ ವಾಲಿದೆ. ಇವರ ಫೋಟೋ ಯಾವ ಜಾಹೀರಾತಿನಲ್ಲೂ ಬಂದಿಲ್ಲ, ಬರುವುದೂ ಇಲ್ಲ. ಬೇಕಾಗಿರುವುದು ಇವರ ಮುಖವಲ್ಲ, ಮೈ. ಎದೆ ಸರಿಯಾಗಿ ನಲವತ್ತು ಇಂಚು, ಸೊಂಟ ಮೂವತ್ತನಾಲ್ಕು. ಊರಾಚೆಯ ಬಟ್ಟೆ ಕಾರ್ಖಾನೆಯಲ್ಲಿ ಹೊಸ ನಮೂನೆಯ ಶರ್ಟು, ಪ್ಯಾಂಟು ಹೊಲಿದಾಗ ಮೊಟ್ಟಮೊದಲು ತೊಡುವವರು ಇವರು. ಎಲ್ಲಿ ಬಿಗಿ, ಎಲ್ಲಿ ಸಡಿಲ, ಕೂತರೆ ಏನಾಗುತ್ತದೆ, ಬಗ್ಗಿದರೆ ಏನಾಗುತ್ತದೆ ಎಂದು ಇವರು ಹೇಳಬೇಕು. ಅದನ್ನು ಕೇಳಿ ನಮೂನೆಯನ್ನು ತಿದ್ದಿದ ಮೇಲೆಯೇ ಸಾವಿರಗಟ್ಟಲೆ ಬಟ್ಟೆಗೆ ಕತ್ತರಿ ಬೀಳುತ್ತದೆ. ಹದಿಮೂರು ವರ್ಷದಿಂದ ಇದೇ ಕೆಲಸ. ಕಾರ್ಖಾನೆಯವರು ಇವರ ನಿಜವಾದ ಹೆಸರನ್ನು ಮರೆತು ಯಾವುದೋ ಕಾಲವಾಯಿತು. ಎಲ್ಲರ ಬಾಯಲ್ಲೂ ಇವರು ಸೈಜಣ್ಣ.

ಈ ಕೆಲಸ ಇರುವುದು ವಾರಕ್ಕೆ ಎರಡು ದಿನ. ಒಂದು ದಿನ ಶರ್ಟು, ಇನ್ನೊಂದು ದಿನ ಪ್ಯಾಂಟು. ಶರ್ಟಿನ ದಿನ ಕಡಿಮೆಯೆಂದರೂ ಇಪ್ಪತ್ತು. ಒಂದಕ್ಕೆ ಏಳು ಗುಂಡಿ. ಹಾಕುವುದು, ತೆಗೆಯುವುದು ಸೇರಿದರೆ ಇನ್ನೂರೆಂಬತ್ತು ಸಲ. “ಸಂಜೆ ಹೊತ್ತಿಗೆ ಹೆಬ್ಬೆರಳು ನಂದಲ್ಲ ಅನ್ಸುತ್ತೆ ಸಾರ್,” ಎನ್ನುತ್ತಾರೆ.

ಉಳಿದ ಐದು ದಿನ ಇವರು ಏನೇನಾಗುತ್ತಾರೆ ಎಂದು ಕೇಳುತ್ತಾ ಹೋದರೆ ನಮಗೇ ಸುಸ್ತಾಗುತ್ತದೆ. ಹೊಸ ಅಂಗಡಿ ಶುರುವಾದರೆ ಮರಗಾಲು ಕಟ್ಟಿಕೊಂಡು ಬಾಗಿಲಲ್ಲಿ ಓಡಾಡುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಕೆಂಪು ಮೂಗಿನ ಜೋಕರ್. ಧಾರಾವಾಹಿಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿರುವ ರೋಗಿ. ಮಾತಿಲ್ಲ, ಕೆಮ್ಮು ಮಾತ್ರ. ಹದಿನೇಳರ ವಯಸ್ಸಿಗೆ ನಾಟಕ ಕಂಪನಿ ಸೇರಿದವರು, ಕಂಪನಿ ಮುಚ್ಚಿದ ಮೇಲೆ ಹೀಗೆ ಹತ್ತು ಕಡೆ ಹಂಚಿಹೋದರು. ಹುಟ್ಟುಹಬ್ಬ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನೆಚ್ಚಿಕೊಳ್ಳಬಹುದಾದದ್ದು ಕಾರ್ಖಾನೆಯೊಂದೇ. ಆರು ತಿಂಗಳಿಗೊಮ್ಮೆ ಅಲ್ಲಿ ಇವರ ಮೈಯ ಅಳತೆ ತೆಗೆಯುತ್ತಾರೆ. ಅರ್ಧ ಇಂಚು ಹೆಚ್ಚು ಕಡಿಮೆಯಾದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಇಲ್ಲ. ಆ ಅಳತೆ ಇವತ್ತು ಒಂಬತ್ತು ಗಂಟೆಗೆ.

“ರಾತ್ರಿ ಊಟ ಬಿಟ್ಟು ತಿಂಗಳಾಯ್ತು. ಮೆಟ್ಟಿಲು ಹತ್ತಿದ್ದೂ ಆಯ್ತು, ಇಳಿದಿದ್ದೂ ಆಯ್ತು,” ಎನ್ನುತ್ತಾರೆ ಇವರು.

“ಹುಟ್ಟುಹಬ್ಬದ ಮನೇಲಿ ಕೇಕ್ ತಿಂದಿದ್ದನ್ನೂ ಹೇಳಿ,” ಎಂದು ಒಳಗಿನಿಂದ ಹೆಂಡತಿಯ ದನಿ.

“ಜೋಕರ್ ಬೇಡ ಅಂದ್ರೆ ಮಕ್ಕಳು ಅಳ್ತವೆ ಕಣೇ.”

ಇಷ್ಟು ಕೇಳಿದ ಮೇಲೆ ನನಗೊಂದು ಕೆಟ್ಟ ಯೋಚನೆ ಬಂತೆಂದು ಒಪ್ಪಿಕೊಳ್ಳುತ್ತೇನೆ. ಅಳೆಯುವ ಹೊತ್ತಿಗೆ ಹೊಟ್ಟೆ ಸ್ವಲ್ಪ ಒಳಗೆಳೆದುಕೊಂಡರೆ ಆಯಿತಲ್ಲ? ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಇವರ ಪಕ್ಕ ಕೂತು ನಾನೂ ಒಮ್ಮೆ ಎಳೆದು ನೋಡಿಕೊಂಡೆ; ಎರಡು ಇಂಚು ಸಲೀಸಾಗಿ ಮಾಯವಾಯಿತು. ಅದನ್ನು ಇವರಿಗೆ ಹೇಳಿದಾಗ ನಗಲಿಲ್ಲ. ಆರು ವರ್ಷದ ಹಿಂದಿನ ಒಂದು ಬೆಳಗಿನ ಕಥೆ ಹೇಳಿದರು.

ಅವತ್ತು ಹೊಸ ಪ್ಯಾಂಟಿನ ನಮೂನೆ ನೋಡಲು ದೊಡ್ಡ ಅಂಗಡಿಯವರು ಏಳೆಂಟು ಮಂದಿ ಬಂದಿದ್ದರು. ಕುರ್ಚಿ ಹಾಕಿ ಸಾಲಾಗಿ ಕೂತಿದ್ದರು. “ಎದುರಿಗೆ ಜನ ಕೂತ್ರೆ ನನಗೆ ಅದು ರಂಗಸ್ಥಳಾನೇ ಸಾರ್. ಎದೆ ತಾನಾಗೇ ಮುಂದೆ ಬಂತು, ಹೊಟ್ಟೆ ತಾನಾಗೇ ಒಳಗೆ ಹೋಯ್ತು. ಹೋಗಿದ್ದೇ ಗೊತ್ತಾಗಲಿಲ್ಲ. ಹೇಗಿದೆ ಅಂದ್ರು. ಸೂಪರ್ ಆಗಿದೆ ಅಂದೆ.” ಆ ಮಾತಿನ ಮೇಲೆ ನಾಲ್ಕು ಸಾವಿರ ಪ್ಯಾಂಟು ಹೊಲಿದರು. ನಿಂತರೆ ಸರಿ, ಕೂತರೆ ಉಸಿರುಗಟ್ಟುತ್ತದೆ ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ತಂದರು. ನಮೂನೆ ಕತ್ತರಿಸುವ ಮಾಸ್ಟರ್ ಒಬ್ಬ ಹೆಂಗಸು, ಕೆಲಸದಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಬಾರದೆನ್ನುವವರು. ತಮ್ಮ ಕತ್ತರಿಯದೇ ತಪ್ಪೆಂದು ಮೇಲಿನವರಿಂದ ಬೈಗುಳ ತಿಂದರು. ಇವರಿಗೆ ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಹೋಗಿ ಎಲ್ಲವನ್ನೂ ಹೇಳಿದರು.

ಆಕೆ ಕೆಲಸದಿಂದ ತೆಗೆಯಲಿಲ್ಲ. “ನನಗೆ ಬೇಕಿರೋದು ನಿಮ್ಮ ಹೊಟ್ಟೆ, ನಿಮ್ಮ ನಟನೆ ಅಲ್ಲ,” ಎಂದಷ್ಟೇ ಹೇಳಿದರಂತೆ. ಅಂದಿನಿಂದ ಅಲ್ಲೊಂದು ಪದ್ಧತಿ ಬಂದಿದೆ. ಟೇಪು ಹಿಡಿದಾಗಲೆಲ್ಲ ಸೈಜಣ್ಣ ಗಟ್ಟಿಯಾಗಿ ಮಾತಾಡುತ್ತಲೇ ಇರಬೇಕು. ಹೊಟ್ಟೆ ಎಳೆದುಕೊಂಡು ಸಲೀಸಾಗಿ ಮಾತಾಡಲು ಯಾರಿಂದಲೂ ಆಗುವುದಿಲ್ಲ ಎನ್ನುವುದು ಮಾಸ್ಟರ್ ಕಂಡುಕೊಂಡ ಸತ್ಯ.

“ನಿಮ್ಮಿಂದ ಆಗುತ್ತದೆಯೇ?” ಎಂದು ಕೇಳಿದೆ.

“ಹದಿನೈದು ವರ್ಷ ನಾಟಕದ ಡೈಲಾಗ್ ಹೇಳಿದೋನು ಸಾರ್ ನಾನು,” ಎಂದರು ತಗ್ಗಿದ ದನಿಯಲ್ಲಿ. “ಅದು ಮೇಡಂಗೆ ಗೊತ್ತಿಲ್ಲ.”

ಒಂಬತ್ತು ಗಂಟೆ. ಟ್ಯೂಬ್‌ಲೈಟಿನ ಉದ್ದನೆಯ ಕೋಣೆ, ಇಸ್ತ್ರಿಯ ಆವಿಯ ವಾಸನೆ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ರಟ್ಟಿನ ನಮೂನೆಗಳು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಮಾಸ್ಟರ್ ಎದೆಗೆ ಟೇಪು ಸುತ್ತುತ್ತಾರೆ. ಸೈಜಣ್ಣ ನಿನ್ನೆಯ ಹುಟ್ಟುಹಬ್ಬದ ಸುದ್ದಿ ಹೇಳಲು ಶುರು ಮಾಡುತ್ತಾರೆ. ಎದೆ ನಲವತ್ತು. ಭುಜ ಸರಿ, ತೋಳು ಸರಿ. ಟೇಪು ಸೊಂಟಕ್ಕೆ ಇಳಿಯುತ್ತದೆ. ನಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ. ಇವರ ಮಾತು ನಿಲ್ಲುತ್ತದೆ.

“ಮಾತಾಡಿ,” ಎನ್ನುತ್ತಾರೆ ಮಾಸ್ಟರ್.

“ಮಾತು ಬೇಡ ಮೇಡಂ. ಪೂರ್ತಿ ಬಿಟ್ಟಿದೀನಿ. ನೋಡ್ಕೊಳ್ಳಿ.”

ಆಕೆ ಎರಡು ಸಲ ಅಳೆಯುತ್ತಾರೆ. ಮೂರನೆಯ ಸಲವೂ ಅಳೆಯುತ್ತಾರೆ. ಕಡಿಮೆ ಬರಲಿ ಎಂಬ ಆಸೆ ಆಕೆಗೂ ಇದೆಯೆಂದು ನನಗೆ ಗೊತ್ತಾಗುತ್ತದೆ. ಮೂವತ್ತನಾಲ್ಕು ಮುಕ್ಕಾಲು. ಪುಸ್ತಕದಲ್ಲಿ ಬರೆದುಕೊಂಡು, ತಲೆಯೆತ್ತದೆಯೇ ಹೇಳುತ್ತಾರೆ: “ಶರ್ಟಿಗೆ ಎದೆ ಲೆಕ್ಕ, ಅದು ನಿಮ್ಮದೇ. ಪ್ಯಾಂಟಿಗೆ ಬೇರೆಯವರನ್ನ ನೋಡ್ತೀನಿ ಸೈಜಣ್ಣ.”

“ಸರಿ ಮೇಡಂ.”

ಹೀಗೆ ವಾರದ ಎರಡು ದಿನ ಒಂದೇ ದಿನವಾಯಿತು. ಅವತ್ತಿನ ಇಪ್ಪತ್ತೆರಡು ಶರ್ಟುಗಳನ್ನು ತೊಟ್ಟು ಬಿಚ್ಚುವಾಗ ಇವರ ಮಾತಿನಲ್ಲಾಗಲಿ ಕೆಲಸದಲ್ಲಾಗಲಿ ಏನೂ ವ್ಯತ್ಯಾಸವಿಲ್ಲ. ಒಂದರ ಕಾಲರ್ ಕತ್ತಿಗೆ ಉಜ್ಜುತ್ತದೆ ಎನ್ನುತ್ತಾರೆ, ಇನ್ನೊಂದರ ತೋಳು ಬಗ್ಗಿದಾಗ ಮೇಲಕ್ಕೆ ಹತ್ತುತ್ತದೆ ಎನ್ನುತ್ತಾರೆ. ಮಾಸ್ಟರ್ ಪ್ರತಿಯೊಂದನ್ನೂ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಕೋಪ ಬಂದದ್ದು ನನಗೆ. ಮುಕ್ಕಾಲು ಇಂಚಿಗೆ ಒಂದು ಸಂಸಾರದ ಅರ್ಧ ಆಧಾರ ಹೋಗಬೇಕೇ ಎಂದು.

ಸಂಜೆ ಹೊರಗೆ ಬಂದು ಬಸ್ಸಿಗೆ ಕಾಯುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. “ಒಂದು ನಿಮಿಷ ಎಳೆದು ನಿಂತಿದ್ದರೆ ಮುಗಿದುಹೋಗುತ್ತಿತ್ತಲ್ಲ?”

“ಒಂದು ನಿಮಿಷ ಏನು, ಹತ್ತು ನಿಮಿಷ ಎಳೆದು ನಿಲ್ತೀನಿ, ಮಾತೂ ಆಡ್ತೀನಿ,” ಎಂದರು. ಮನೆಯಲ್ಲಿ ಹೇಗೆ ಹೇಳುವುದೆಂಬ ಯೋಚನೆ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ಸಣ್ಣ ವಿಷಯ ನಿಮಗೆ ಹೊಳೆಯಲಿಲ್ಲವೇ ಎನ್ನುವಂತೆ ಹೇಳಿದರು:

“ಆದ್ರೆ ಆ ಪ್ಯಾಂಟು ಕೊಂಡ್ಕೊಂಡವನು ದಿನವಿಡೀ ಎಳ್ಕೊಂಡೇ ಕೂತಿರಬೇಕಾಗುತ್ತಲ್ಲ ಸಾರ್.”