ಆರೋ ಅಕ್ಕಿ

ಕೊಳ್ಳೇಗಾಲದಲ್ಲಿ ಕನ್ನಡ ಎಂ.ಎ. ಓದುವಾಗ, ಸಂಶೋಧನಾ ಪ್ರಬಂಧದ ವಿಷಯವನ್ನು ಗೈಡ್‌ಗೆ ಫೋನಿನಲ್ಲೇ ಹೇಳಿದ್ದೆ: ‘ನಮ್ ಸತ್ತೇಗಾಲದ ಅಕ್ಕಿ ಕತೆಗಳು ಸಾ.’ ನಾನು ಹೇಳಿದ್ದು ಹಕ್ಕಿ ಅಂತ. ನಮ್ಮ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಗೈಡ್ ಧಾರವಾಡದವರು, ಊರಿಗೆ ಹೊಸಬರು.

ವಿಷಯ ಒಪ್ಪಿಸುವ ಕೊನೆಯ ದಿನ ನನ್ನ ಅಧ್ಯಾಯಗಳ ಹೆಸರಿನ ಕರಡು ಪಟ್ಟಿ ನೋಡಿ ಅವರು ಕನ್ನಡಕ ತೆಗೆದರು.

‘ಗೂಡು, ಮೊಟ್ಟೆ, ವಲಸೆ. ಅಕ್ಕಿಗೆ ಮೊಟ್ಟೆ ಎಲ್ಲಿಂದ ಬಂತಪಾ?’

‘ಇದು ಆರೋ ಅಕ್ಕಿ ಸಾ.’

‘ಆರೂದು ಅನ್ನ. ಅಕ್ಕಿ ಹೆಂಗ ಆರತೈತಿ?’

ಎರಡೂ ಕೈ ರೆಕ್ಕೆಯಂತೆ ಬಡಿದು ತೋರಿಸಿದೆ. ಅವರು ನಗುತ್ತಿರುವಾಗಲೇ ನನಗೆ ಹೊಳೆಯಿತು. ಕರಡನ್ನೆಲ್ಲ ಹೊಡೆದುಹಾಕಿ, ‘ನಮ್ಮ ಸೀಮೆಯ ಮಾತಿನಲ್ಲಿ ಬಿದ್ದುಹೋದ ಹಕಾರ’ ಎಂದು ಹೊಸ ವಿಷಯ ಬರೆದೆ. ಮೊದಲ ಅಧ್ಯಾಯಕ್ಕೆ ಈ ಗೊಂದಲವೇ ಉದಾಹರಣೆ.

ಅವರು ಸಹಿ ಹಾಕಿ, ‘ಆತು, ಇನ್ನ ಓಗು’ ಎಂದರು.

ಧಾರವಾಡದ ಬಾಯಿಂದಲೂ ಒಂದು ಹಕಾರ ಉದುರಿಸಿ ಬಂದಿದ್ದೆ.